ಸೂಚಿಯಲ್ಲಿಲ್ಲದ ಚೀಟಿ

ಸ್ಟ್ಯಾನ್ಲಿ ಗಿಬನ್ಸ್ ಸೂಚಿಯಲ್ಲಿ ಕಾಣದ ಚೀಟಿಯೆಲ್ಲ ಅಪೂರ್ವ, ಅಪೂರ್ವವಾದುದೆಲ್ಲ ಅಮೂಲ್ಯ ಎಂಬ ತರ್ಕ ನಮ್ಮ ಸಂಗ್ರಾಹಕರಲ್ಲಿ ಬೇರೂರಿದೆ. ಇದನ್ನು ಒಪ್ಪಲಾಗದು. ಆ ಸೂಚಿ ಅಂಚೆಚೀಟಿಗಳದು. ಸಂಸ್ಥಾನಗಳ ಕೋರ್ಟ್ ಫೀ, ರೆವಿನ್ಯೂ ಸ್ಟಾಂಪುಗಳು ಅದರ ವ್ಯಾಪ್ತಿಗೇ ಸೇರಿದವಲ್ಲ. ಮೈಸೂರನ್ನೇ ನೋಡಿ: 1889ರವರೆಗೂ ಸ್ವಂತ ಅಂಚೆಯಿದ್ದ ಆ ರಾಜ್ಯ ಒಂದು ಅಂಚೆಚೀಟಿಯನ್ನೂ ಹೊರತರಲಿಲ್ಲ, ಕೋರ್ಟ್ ಫೀ ಸ್ಟಾಂಪುಗಳನ್ನು ಹೊರತಂದಿತು. ಇಂಥವಕ್ಕಾಗಿ ಕೋಪೆಲ್ ಮತ್ತು ಮ್ಯಾನರ್ಸ್ ಪ್ರತ್ಯೇಕ ಸೂಚಿಯನ್ನೇ ರಚಿಸಿದ್ದಾರೆ. ಅದನ್ನು ತೆರೆಯದೆ 'ಎಲ್ಲಿಯೂ ದಾಖಲಾಗಿಲ್ಲ' ಎನ್ನುವವರು ಹುಡುಕಿಯೇ ಇಲ್ಲವೆಂದಷ್ಟೇ ಅರ್ಥ.

ಎಂ.ಕೆ. ಹುಬ್ಬಳ್ಳಿಯ ಸೀಮೆಗೆ ಇದು ದೂರದ ಮಾತಲ್ಲ. ಮಲಪ್ರಭೆಯ ದಂಡೆಯ ಈ ಊರು ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿತ್ತು. ಅದೇ ಹೊಳೆಯ ಕೆಳಗಿನ ರಾಮದುರ್ಗ 1948ರವರೆಗೆ ಭಾವೆ ಮನೆತನದ ಸಂಸ್ಥಾನ. ಒಂದು ಖರೀದಿಪತ್ರ ಯಾವ ಸರಕಾರದ ಅಧೀನದಲ್ಲಿ ಹುಟ್ಟಿತೆಂಬುದನ್ನು ಮೊದಲು ತಿಳಿಸುವುದು ಅದರ ನೆತ್ತಿಯ ಮುದ್ರೆಯೇ. ಆ ಮುದ್ರೆಯನ್ನಷ್ಟೇ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸುವವರಿಗೂ, ತಾಳೆಗರಿಯ ಕಟ್ಟಿನಿಂದ ಪುಷ್ಪಿಕೆಯ ಗರಿಯೊಂದನ್ನು ಕಿತ್ತು ಉಳಿದುದನ್ನು ಒಲೆಗೆ ಹಾಕುವವರಿಗೂ ನನಗೆ ಭೇದ ಕಾಣದು. ಹೊಲದ ಚಕಬಂದಿ, ಸಾಕ್ಷಿಗಳ ರುಜು, ಬರೆದವನ ಕನ್ನಡ ಎಲ್ಲವೂ ರದ್ದಿಯ ಪಾಲು. (ಮೋಡಿ ಲಿಪಿಯಲ್ಲಿದ್ದರಂತೂ ಓದಲಾಗದೆಂಬ ನೆಪ ಬೇರೆ!)

ಬಿಡಿ ಚೀಟಿಗೆ ಹೆಚ್ಚು, ಇಡೀ ಪತ್ರಕ್ಕೆ ಕಡಿಮೆ ಬೆಲೆ ಕಟ್ಟುವವರೆಗೆ ಕತ್ತರಿ ನಿಲ್ಲದು. ಸಂಶೋಧನೆಗೆಂದು ಚೀಟಿ ಕೊಳ್ಳುವ ವಿದ್ಯಾರ್ಥಿಗಳು, ಅದು ಅಂಟಿದ್ದ ಕಾಗದವೆಲ್ಲಿ ಎಂದು ಮಾರುವವನನ್ನು ಕೇಳಲಿ. ಉತ್ತರ ಬಾರದಿದ್ದರೆ ಕೊಳ್ಳದಿರಲಿ.