ಕಿತ್ತ ಕಂಡರಕ್ಕೆ ತೈಲ ಮದ್ದಲ್ಲ

ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಕನಕಪುರದ ಕಡೆಯ ರೈತರೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬದುವಿನ ಮೇಲೆ ಬರುವಾಗ ಜಾರಿ, ಬಲಗೈ ಊರಿ ಬಿದ್ದಿದ್ದರು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. "ಕೈ ಎತ್ತಕ್ಕೇ ಆಯ್ತಿಲ್ಲ ಡಾಕ್ಟ್ರೇ, ರಾತ್ರಿ ಆ ಮಗ್ಗುಲಿಗೆ ಮಲಗಂಗೇ ಇಲ್ಲ" ಎಂದರು. ನಾನು ಅಪಬಾಹುಕವೆಂದು ನಿರ್ಣಯಿಸಿ ಅಭ್ಯಂಗ, ಪತ್ರಪಿಂಡ ಸ್ವೇದ, ನಸ್ಯಗಳನ್ನು ಐದು ತಿಂಗಳು ಮಾಡಿಸಿದೆ. ನೋವು ತಗ್ಗಿತು, ಕೈ ಮೇಲೇಳಲಿಲ್ಲ. ಕೊನೆಗೆ ಎಂ.ಆರ್.ಐ. ಮಾಡಿಸಿದಾಗ ಭುಜದ ಕಂಡರವು ಮೂಳೆಯಿಂದ ಪೂರ್ಣವಾಗಿ ಕಿತ್ತು ಹಿಂದಕ್ಕೆ ಸರಿದಿರುವುದು, ಅದನ್ನು ಎಳೆಯಬೇಕಾದ ಮಾಂಸಖಂಡವು ಕೊಬ್ಬಾಗಿ ಮಾರ್ಪಡುತ್ತಿರುವುದು ತಿಳಿಯಿತು. ಹಾಗೆ ಕೊಬ್ಬಾದ ಮಾಂಸ ಮರಳಿ ಮೊದಲಿನಂತಾಗುವುದು ಕಷ್ಟ. ಮೊದಲ ವಾರಗಳಲ್ಲೇ ಬಂದಿದ್ದರೆ ಎಂದಷ್ಟು ಹೇಳಿ ಶಸ್ತ್ರಚಿಕಿತ್ಸಕರು ಸುಮ್ಮನಾದರು. ಆ ತಪ್ಪು ರೋಗಿಯದಲ್ಲ, ನನ್ನದು.

ಆದುದರಿಂದಲೇ ಈ ಲೇಖನ. ಆಯುರ್ವೇದದ ಮೇಲಿನ ಅಭಿಮಾನವು ಶಸ್ತ್ರಕ್ಕೆ ಒಪ್ಪಿಸಬೇಕಾದ ರೋಗಿಯನ್ನು ತೈಲದ ಮುಂದೆ ಕೂರಿಸಿಕೊಳ್ಳುವಷ್ಟು ಬೆಳೆಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸುಶ್ರುತನಿಗೂ ಇದು ಸಮ್ಮತವೇ. ಇಂದು ನಾವು ಕನ್ನಡದಲ್ಲಿ ಮಾಂಸಖಂಡವನ್ನೇ ಸ್ನಾಯು ಎನ್ನುತ್ತೇವೆ. ಸುಶ್ರುತನ ಸ್ನಾಯುವಾದರೋ ಅಂಗಗಳನ್ನು ಬಿಗಿದಿಡುವ ಕಟ್ಟು. ಅದರಲ್ಲಿ ದುಂಡಗಿರುವುದನ್ನು ಅವನು ಕಂಡರವೆಂದು ಕರೆಯುತ್ತಾನೆ. ಹಲಗೆಗಳನ್ನು ಹಲವು ಕಟ್ಟುಗಳಿಂದ ಬಿಗಿದ ದೋಣಿಯು ನೀರಿನಲ್ಲಿ ಭಾರ ಹೊರುವಂತೆ ಸ್ನಾಯುಬದ್ಧವಾದ ದೇಹವೂ ಭಾರ ಹೊರುತ್ತದೆ ಎಂಬುದು ಶಾರೀರಸ್ಥಾನದ ಹೋಲಿಕೆ. ಮೂಳೆ, ಮಾಂಸ, ಸಿರೆ, ಸಂಧಿಗಳ ಪೆಟ್ಟಿಗಿಂತ ಸ್ನಾಯುವಿನ ಪೆಟ್ಟು ಹೆಚ್ಚು ಘಾತಕವೆಂದೂ ಅಲ್ಲಿಯೇ ಎಚ್ಚರಿಸಿದ್ದಾನೆ. ಹೊಲಿಗೆಗೆ ಸಣಬು, ಅಗಸೆ ನಾರು, ಕೂದಲು, ಅಮೃತಬಳ್ಳಿಯ ನಾರುಗಳನ್ನು ಹೇಳಿದ ಆಚಾರ್ಯನು ಇಂದಿನ ಗೂಟವನ್ನು ಕಂಡಿದ್ದರೆ ಹಿಗ್ಗುತ್ತಿದ್ದನೇ ಹೊರತು ಮುನಿಯುತ್ತಿರಲಿಲ್ಲ.

ಗೂಟವೆಂದೆ. ಶಸ್ತ್ರಚಿಕಿತ್ಸಕರು ಅದನ್ನು ಸೂಚರ್ ಆಂಕರ್ ಎನ್ನುತ್ತಾರೆ. 1909ರಲ್ಲಿ ಬಾಸ್ಟನ್ನಿನ ಅರ್ನೆಸ್ಟ್ ಕಾಡ್‌ಮನ್ ಎಂಬ ವೈದ್ಯರು ಕಿತ್ತ ಭುಜದ ಕಂಡರವನ್ನು ಮೊದಲಿಗೆ ಮೂಳೆಗೆ ಹೊಲಿದವರಲ್ಲಿ ಒಬ್ಬರು. ಆಗ ಮೂಳೆಯಲ್ಲಿ ರಂಧ್ರ ಕೊರೆದು ದಾರ ತೂರಿಸಬೇಕಿತ್ತು. 1980ರ ದಶಕದಲ್ಲಿ ದಾರ ಪೋಣಿಸಿದ ಪುಟ್ಟ ಲೋಹದ ಗೂಟಗಳು ಬಂದವು. ಸುಮಾರು 5 ಮಿಲಿಮೀಟರ್ ದಪ್ಪದ ಗೂಟವನ್ನು ಮೂಳೆಯಲ್ಲಿ ನೆಟ್ಟು, ಅದರ ದಾರದಿಂದ ಕಂಡರವನ್ನು ಮೂಳೆಗೆ ಒತ್ತಿ ಕಟ್ಟುವುದೇ ವಿಧಾನ.

ನಮ್ಮ ಹಳ್ಳಿಯವರಿಗೆ ಇದನ್ನು ವಿವರಿಸುವುದು ಸುಲಭ. ಹಸುವಿನ ಕಣ್ಣಿ ಕಟ್ಟುವ ಗೂಟವನ್ನು ಯಾರೂ ಹಸುವಿನ ಕಡೆಗೆ ವಾಲಿಸಿ ನೆಡುವುದಿಲ್ಲ. ತಲೆ ಆಚೆಗೆ ವಾಲಿರಬೇಕು, ಆಗ ಎಳೆದಷ್ಟೂ ಬಿಗಿ. 1995ರಲ್ಲಿ ಅಮೆರಿಕದ ಟೆಕ್ಸಾಸಿನ ಸ್ಟೀಫನ್ ಬರ್ಕ್‌ಹಾರ್ಟ್ ಎಂಬ ಶಸ್ತ್ರಚಿಕಿತ್ಸಕರು ತಮ್ಮ ಸೀಮೆಯ ಬೇಲಿಗಳ ಮೂಲೆಗಂಬವನ್ನು ಎಳೆದು ನಿಲ್ಲಿಸುವ ಹೂತ ಆಧಾರವನ್ನು ನೋಡಿಯೇ, ಭುಜದ ಗೂಟವನ್ನೂ ಇಂಥ ಓರೆಯಲ್ಲಿ ನೆಡಬೇಕೆಂದು ಲೆಕ್ಕ ಹಾಕಿ ತೋರಿಸಿದರು. ತಿರುಪಿನ ಗೂಟಗಳಿಗೆ ಓರೆ ಅಷ್ಟು ಮುಖ್ಯವೇ ಎಂಬ ಚರ್ಚೆ ಅನಂತರ ನಡೆದಿದೆ. ಅದಿರಲಿ, ದನ ಕಾಯುವವನ ತಿಳಿವಳಿಕೆ ಶಸ್ತ್ರಾಗಾರಕ್ಕೂ ಬಂದಿತೆಂಬುದು ನನಗೆ ಸಂತೋಷದ ಸಂಗತಿ.

ಗೂಟ ಎಷ್ಟೇ ಚೆನ್ನಾಗಿದ್ದರೂ ನೆಲ ಗಟ್ಟಿಯಿರಬೇಕಲ್ಲವೇ? ಭುಜದ ಮೂಳೆಯ ತಲೆಯಲ್ಲಿ ಹೊರಗೆ ತೆಳುವಾದ ಗಟ್ಟಿ ಪದರ, ಒಳಗೆ ಸ್ಪಂಜಿನಂಥ ರಚನೆ. ಮುಟ್ಟು ನಿಂತ ಮೇಲೆ ತಾಯಂದಿರಲ್ಲಿ ಅದು ಇನ್ನೂ ಸಡಿಲ. ಮೆದು ಮರದಲ್ಲಿ ಮೊಳೆ ನಿಲ್ಲದು, ಅಗಲ ಸುತ್ತಿನ ತಿರುಪು ನಿಲ್ಲುತ್ತದೆಂದು ಮರಗೆಲಸದವರು ಬಲ್ಲರು. ಸಡಿಲ ಮೂಳೆಗೂ ಅಂಥ ಗೂಟಗಳಿವೆ. ಟೈಟಾನಿಯಂ ಗೂಟ ಬಲವಾದದ್ದು, ಆದರೆ ಮುಂದೆ ಎಂ.ಆರ್.ಐ. ಚಿತ್ರವನ್ನು ಕೆಡಿಸುತ್ತದೆ. ಕಾಲಕ್ರಮದಲ್ಲಿ ಕರಗುವ ಗೂಟಗಳು ಕೆಲವೊಮ್ಮೆ ಮೂಳೆಯಲ್ಲಿ ಪೊಳ್ಳು ಉಳಿಸುತ್ತವೆ. ಬರಿಯ ದಾರದ ಗಂಟೇ ಗೂಟವಾಗುವ ಬಗೆಯೂ ಬಂದಿದೆ. ದಾರವೂ ಬದಲಾಯಿತು. ಒಂದು ಕಾಲಕ್ಕೆ ನಮ್ಮ ಸೀಮೆಯ ಬಾಳಾದ ರೇಷ್ಮೆಯೇ ವೈದ್ಯರ ದಾರವೂ ಆಗಿತ್ತು; ಈಗಿನ ಪಾಲಿಎಥಿಲೀನ್ ದಾರ ಸುಲಭವಾಗಿ ತುಂಡಾಗುವುದಿಲ್ಲ. ಆದರೆ ದಾರ ಗಟ್ಟಿಯಾದಂತೆ ಅದು ಕಂಡರವನ್ನೇ ಸೀಳಿಕೊಂಡು ಹೊರಬರುವ ತೊಂದರೆ ಕಾಣಿಸಿತು. ಹೀಗಾಗಿ ಪಟ್ಟಿಯಂಥ ಅಗಲ ದಾರಗಳ ಬಳಕೆ ಹೆಚ್ಚಿದೆ.

ಇಷ್ಟೆಲ್ಲ ಆದರೂ ಗೂಟವು ರೋಗಿಯನ್ನು ಗುಣಪಡಿಸುವುದಿಲ್ಲ. ಕಂಡರವನ್ನು ಮೂಳೆಗೆ ಬೆಸೆಯುವುದು ಶರೀರವೇ. ಆ ತನಕ ಹಿಡಿದಿಡುವುದಷ್ಟೇ ಗೂಟದ ಕೆಲಸ. ಅದಕ್ಕೆ ಮೂರು ತಿಂಗಳಾದರೂ ಬೇಕು. ಸಾಮಾನ್ಯವಾಗಿ ಮೊದಲ ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿರಬೇಕು. ಈ ಅವಧಿಯಲ್ಲಿಯೇ ನಮ್ಮವರು ಎಡವುತ್ತಾರೆ: ನೋವು ಹೋಯಿತೆಂದು ಕೊಡ ಎತ್ತುತ್ತಾರೆ, ಇಲ್ಲವೇ ಮನೆಯ ಹಿರಿಯರು ಎಣ್ಣೆ ಹಚ್ಚಿ ಭುಜ ನೀವಿ ಎಳೆಯುತ್ತಾರೆ. ಶಸ್ತ್ರಚಿಕಿತ್ಸಕರ ಅನುಮತಿಯಿಲ್ಲದೆ ಹೊಲಿದ ಭುಜಕ್ಕೆ ಮಾಲೀಸು ಕೂಡದು. ಆಯುರ್ವೇದ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ. ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ, ಬೀಡಿ ಬಿಡದಿದ್ದರೆ ಬೆಸುಗೆ ತಡವಾಗುತ್ತದೆ. ಪಥ್ಯದ ವಿಷಯದಲ್ಲಿ ನಮ್ಮ ಶಾಸ್ತ್ರಕ್ಕೆ ಇಲ್ಲಿ ಬೇಕಾದಷ್ಟು ಕೆಲಸವಿದೆ.

ಎಲ್ಲ ಹರಿತಕ್ಕೂ ಶಸ್ತ್ರ ಬೇಕೆಂದಲ್ಲ. ವಯಸ್ಸಿನ ಸವೆತದಿಂದಾದ ಸಣ್ಣ ಹರಿತಗಳು ವ್ಯಾಯಾಮದಿಂದಲೇ ಎಷ್ಟೋ ಜನರಿಗೆ ಹಿಡಿತಕ್ಕೆ ಬರುತ್ತವೆ. ಬಿದ್ದ ಪೆಟ್ಟಿನಿಂದ ಒಮ್ಮೆಲೇ ಕೈ ಎತ್ತಲಾಗದಿದ್ದರೆ ಮಾತ್ರ ಕಾಯಬಾರದು. ಬಿಗಿದ ಭುಜವನ್ನು ಬೇರೆಯವರು ಎತ್ತಿದರೂ ಅದು ಏಳದು. ಕಂಡರ ಕಿತ್ತ ಕೈಯನ್ನು ಬೇರೆಯವರು ಮೆಲ್ಲನೆ ಎತ್ತಬಹುದು, ಬಿಟ್ಟೊಡನೆ ಜಾರಿ ಬೀಳುತ್ತದೆ. ನಾನು ಅಂದು ಮಾಡದೆ ಬಿಟ್ಟ ಪರೀಕ್ಷೆ ಇಷ್ಟೇ.

ಗೂಟವೊಂದಕ್ಕೆ ಸಾವಿರಾರು ರೂಪಾಯಿ. ಎಷ್ಟು ಹಾಕುತ್ತೀರಿ, ಯಾವುದರದು, ಯಾಕೆ ಎಂದು ಕೇಳಲು ಸಂಕೋಚ ಬೇಡ. ರಂಧ್ರ ಕೊರೆದು ಹೊಲಿಯುವ ಹಳೆಯ ವಿಧಾನವೂ ಬಳಕೆಯಲ್ಲಿದೆ, ಅದನ್ನೂ ವಿಚಾರಿಸಬಹುದು.

ಎಡಭುಜದ ಶಸ್ತ್ರಚಿಕಿತ್ಸೆಯಾದ ಶರಣರು ಕೇಳುವ ಮಾತೊಂದಿದೆ: ಇಷ್ಟಲಿಂಗ ಪೂಜೆ ಹೇಗೆ? ಮೊಣಕೈಯನ್ನು ಪಕ್ಕೆಗೆ ಒತ್ತಿ, ಮುಂಗೈಗೆ ದಿಂಬಿನ ಆಸರೆ ಕೊಟ್ಟು ಅಂಗೈ ಮೇಲ್ಮುಖವಾಗಿ ಹಿಡಿಯಲು ಸಾಧ್ಯವೇ ಎಂದು ನಿಮ್ಮ ಶಸ್ತ್ರಚಿಕಿತ್ಸಕರನ್ನು ಕೇಳಿ. ಅನೇಕರಿಗೆ ಒಪ್ಪಿಗೆ ಸಿಗುತ್ತದೆ. ಹಣೆಗೆ ವಿಭೂತಿ ಮಾತ್ರ ಬಲಗೈಯಿಂದ.