ಗೋಡೆಯಾಚೆಯ ಬಟ್ಟಲು

ನೆರೆಮನೆಯಿಂದ ಬಂದ ಬಟ್ಟಲನ್ನು ಖಾಲಿಯಾಗಿ ಹಿಂದಿರುಗಿಸಬಾರದು ಎಂಬುದು ಕನ್ನಡನಾಡಿನ ಅಡುಗೆಮನೆಗಳ ಹಳೆಯ ಕಾನೂನು. ಯಾವ ಶಾಸನಸಭೆಯೂ ಇದನ್ನು ಮಂಡಿಸಿ ಅಂಗೀಕರಿಸಿದ್ದಿಲ್ಲ. ಆದರೂ ಮೀರುವವರು ಕಡಿಮೆ. ಕೊಡಲು ಬೇರೇನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಸರಿ, ಹಿತ್ತಲಿನ ನಾಲ್ಕೆಸಳು ಕರಿಬೇವಾದರೂ ಸರಿ. ಬಟ್ಟಲು ಹೀಗೆ ಹೋಗುತ್ತಾ ಬರುತ್ತಾ ಇರುತ್ತದೆ. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬ ಲೆಕ್ಕ ಎಂದೂ ಚುಕ್ತಾ ಆಗುವುದಿಲ್ಲ. ಚುಕ್ತಾ ಆಗದಿರಲೆಂದೇ ಈ ಕಾನೂನು.

2020ರಲ್ಲಿ ಈ ಬಟ್ಟಲಿಗೊಂದು ಪರೀಕ್ಷೆ ಬಂತು.

ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ಟಿವಿಯಲ್ಲಿ ಕಾಣಿಸಿಕೊಂಡು, ಅಂದಿನ ಮಧ್ಯರಾತ್ರಿಯಿಂದ 21 ದಿನ ಯಾರೂ ಮನೆಯ ಹೊಸ್ತಿಲು ದಾಟಬಾರದು ಎಂದರು. ಮಾರನೆಯ ದಿನ ಯುಗಾದಿ. ಆರಂಭವಾದದ್ದು ಶಾರ್ವರಿ ಸಂವತ್ಸರ. ಶಾರ್ವರಿ ಎಂದರೆ ರಾತ್ರಿ ಎಂದರ್ಥ. ಪಂಚಾಂಗ ಬರೆದವರು ಇದನ್ನೆಲ್ಲ ಮೊದಲೇ ಬಲ್ಲವರಾಗಿರಲಿಲ್ಲ. ಅರವತ್ತು ಹೆಸರುಗಳ ಚಕ್ರದಲ್ಲಿ ಅದರ ಸರದಿ ಬಂದಿತ್ತು, ಅಷ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಮಾರುಕಟ್ಟೆ ಇಲ್ಲ, ಮಾವಿನ ಸೊಪ್ಪು ಮಾರುವವರಿಲ್ಲ. ಬೇವಿನ ಮರವಿದ್ದವರು ಕಾಂಪೌಂಡ್ ಗೋಡೆಯ ಮೇಲೆ ಒಂದು ರೆಂಬೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು, "ಅಕ್ಕಾ, ಬೇವು ಇಟ್ಟಿದೀನಿ" ಎಂದು ಕೂಗಿದರು. ಒಳಗಿನಿಂದ ಬಂದವರು ಬೇವು ಎತ್ತಿಕೊಂಡು ಅಲ್ಲಿ ಒಂದು ಉಂಡೆ ಬೆಲ್ಲ ಇಟ್ಟರು. ಎಷ್ಟೋ ಬೀದಿಗಳಲ್ಲಿ ಆ ವರ್ಷದ ಬೇವುಬೆಲ್ಲ ಹೀಗೆ ಎರಡು ಮನೆ ಸೇರಿ ಒಂದಾಯಿತು.

ಇಪ್ಪತ್ತೊಂದು ದಿನ ಮುಗಿಯಿತು ಎನ್ನುವಷ್ಟರಲ್ಲಿ ಗಡುವು ಮೇ 3ಕ್ಕೆ ಹೋಯಿತು. ಆಮೇಲೆ 17ಕ್ಕೆ, ಆಮೇಲೆ 31ಕ್ಕೆ. ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಇದ್ದ ಮಾತು 'ಸಾಮಾಜಿಕ ಅಂತರ'. ಈ ಮಾತು ಸರಿಯಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಗೆ ಮಾರ್ಚ್ ತಿಂಗಳಲ್ಲೇ ಅನ್ನಿಸಿತ್ತು. ದೂರವಿರಬೇಕಾದ್ದು ದೇಹಗಳು, ಸಮಾಜವಲ್ಲ. ಆದ್ದರಿಂದ 'ದೈಹಿಕ ಅಂತರ' ಎನ್ನೋಣ ಎಂದು ಅದು ಹೇಳಿತು. ಆದರೆ ತಪ್ಪು ಹೆಸರೇ ಉಳಿದುಕೊಂಡಿತು. ಹೆಸರು ತಪ್ಪಿದರೂ ಅನೇಕ ಬೀದಿಗಳು ಅರ್ಥವನ್ನು ಸರಿಯಾಗಿಯೇ ಹಿಡಿದವು ಎಂಬುದು ಸಮಾಧಾನದ ಸಂಗತಿ.

ಈ ಆರಡಿ ಅಂತರದ ಲೆಕ್ಕವಾದರೂ ಏನು? ಮಾತನಾಡುವಾಗ, ಕೆಮ್ಮುವಾಗ ಬಾಯಿಂದ ಬಗೆಬಗೆಯ ಗಾತ್ರದ ಹನಿಗಳು ಹೊರಬೀಳುತ್ತವೆ. ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟು, ಎಂದರೆ ನೂರು ಮೈಕ್ರಾನ್ ಅಳತೆಯ ಹನಿ, ಬಾಯಿಯ ಎತ್ತರದಿಂದ ನೆಲ ಸೇರಲು ಐದಾರು ಸೆಕೆಂಡು ಸಾಕು. ಹತ್ತು ಮೈಕ್ರಾನಿನ ಹನಿ ನಡುವೆ ಆವಿಯಾಗದಿದ್ದರೆ ಸುಮಾರು ಎಂಟು ನಿಮಿಷ ತೇಲುತ್ತದೆ. ಒಂದು ಮೈಕ್ರಾನಿನದಕ್ಕೆ, ಗಾಳಿ ಅಲುಗದ ಕೋಣೆಯಲ್ಲಿ, ಅರ್ಧ ದಿನವೇ ಬೇಕು. ದೊಡ್ಡ ಹನಿಗಳಿಗೆ ಆರಡಿ ಅಂತರ ಸಾಕು, ಸಣ್ಣವಕ್ಕೆ ಸಾಲದು. ಮುಚ್ಚಿದ ಕೋಣೆಯಲ್ಲಿ ಅವು ಅಗರಬತ್ತಿಯ ಹೊಗೆಯಂತೆ ತುಂಬಿಕೊಳ್ಳುತ್ತವೆ. 2020ರ ಜುಲೈಯಲ್ಲಿ 239 ವಿಜ್ಞಾನಿಗಳು ಸೇರಿ ಈ ತೇಲುವ ಕಣಗಳ ಬಗ್ಗೆ ಬಹಿರಂಗ ಎಚ್ಚರಿಕೆ ಕೊಟ್ಟರು. ಅದೇ ಬಯಲಿನಲ್ಲಾದರೆ ಗಾಳಿ ಈ ಕಣಗಳನ್ನು ಕ್ಷಣದಲ್ಲಿ ಚದುರಿಸಿಬಿಡುತ್ತದೆ.

ಅಂದರೆ, ಗೋಡೆಯ ಆಚೆ ಒಬ್ಬರು ಈಚೆ ಒಬ್ಬರು ನಿಂತು ಮಾತನಾಡುವ ನಮ್ಮ ಹಳೆಯ ಪದ್ಧತಿಯೇ ಆ ಕಾಲಕ್ಕೆ ಹೇಳಿ ಮಾಡಿಸಿದಂತಿತ್ತು. ತಲೆಯ ಮೇಲೆ ಆಕಾಶ, ನಡುವೆ ಗೋಡೆ, ಸುತ್ತ ಬೀಸುವ ಗಾಳಿ. ವಿಜ್ಞಾನಕ್ಕೆ ಇದಕ್ಕಿಂತ ಹೆಚ್ಚೇನೂ ಬೇಕಿರಲಿಲ್ಲ.

ಬಟ್ಟಲಿನ ಮಾತು? ಮೊದಮೊದಲು ಎಲ್ಲ ವಸ್ತುಗಳ ಮೇಲೂ ಅನುಮಾನ. ಹಾಲಿನ ಪ್ಯಾಕೆಟ್ಟಿಗೆ ಸೋಪಿನ ಸ್ನಾನ, ಟೊಮೆಟೊಗೆ ಉಪ್ಪುನೀರು, ನೋಟುಗಳಿಗೆ ಬಿಸಿಲು. ಸೋಪು ಒಳ್ಳೆಯದೇ. ಈ ವೈರಸ್ಸಿನ ಹೊರಕವಚ ಜಿಡ್ಡಿನದು. ಸೋಪು ಜಿಡ್ಡನ್ನು ಬಿಡಿಸುವಂತೆಯೇ ಅದನ್ನೂ ಬಿಚ್ಚಿ ಹಾಕುತ್ತದೆ. ಆದರೆ ವಸ್ತುಗಳನ್ನು ಮುಟ್ಟಿ ರೋಗ ಬರುವ ಸಂಭವ ತೀರಾ ಕಡಿಮೆ, ಹತ್ತು ಸಾವಿರ ಸಲ ಮುಟ್ಟಿದರೆ ಒಂದಕ್ಕಿಂತಲೂ ಕಡಿಮೆ, ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಅಂದಾಜು ಮಾಡಿತು. ತೊಳೆದ ಬಟ್ಟಲಿನಲ್ಲಿ ಬಂದ ಬಿಸಿ ಸಾರು ನಿರಪರಾಧಿ ಎಂಬ ತೀರ್ಪು ಹೀಗೆ ಒಂದು ವರ್ಷ ತಡವಾಗಿ ಬಂತು. ನೆರೆಯವರು ಅಷ್ಟು ಕಾಲ ಕಾಯಲಿಲ್ಲ.

ಬಟ್ಟಲಿನಲ್ಲಿ ಬರುತ್ತಿದ್ದುದು ದೊಡ್ಡ ಪದಾರ್ಥಗಳೇನಲ್ಲ. ಹಾಲು ಒಡೆದು ಮೊಸರಿಲ್ಲದ ಮನೆಗೆ ಒಂದು ಚಮಚ ಹೆಪ್ಪು. ಹೆಪ್ಪಿನಂಥ ದಾನ ಇನ್ನೊಂದಿಲ್ಲ. ಆ ಚಮಚದಲ್ಲಿರುವ ಕೋಟ್ಯಂತರ ಬ್ಯಾಕ್ಟೀರಿಯಾಗಳು ಒಂದು ರಾತ್ರಿಯಲ್ಲಿ ಹೊಸ ಪಾತ್ರೆಯ ಹಾಲನ್ನೆಲ್ಲ ಮೊಸರು ಮಾಡುತ್ತವೆ. ಕೊಟ್ಟವರ ಪಾತ್ರೆಯಲ್ಲಿ ಒಂದು ಚಮಚಕ್ಕಿಂತ ಹೆಚ್ಚು ಕಡಿಮೆಯಾಗುವುದಿಲ್ಲ. ನಾಳೆ ಇವರಲ್ಲಿ ಕೆಟ್ಟರೆ ಅವರಲ್ಲಿ ಸಿಗುತ್ತದೆ. ದೊಡ್ಡಪತ್ರೆ ತಂಬುಳಿ, ಮಿಡಿ ಉಪ್ಪಿನಕಾಯಿ, ಹಲಸಿನ ನಾಲ್ಕು ತೊಳೆ, ಬಿ.ಪಿ. ಮಾತ್ರೆ ಮುಗಿದ ಅಜ್ಜನಿಗೆ ಪಕ್ಕದ ಹುಡುಗ ಔಷಧಿ ಅಂಗಡಿಯ ಮುಂದೆ ಬಳಿದ ಸುಣ್ಣದ ವೃತ್ತದಲ್ಲಿ ಅರ್ಧ ಗಂಟೆ ನಿಂತು ತಂದ ಒಂದು ಪಟ್ಟಿ: ಇವು ಆ ದಿನಗಳ ವ್ಯವಹಾರ.

ಅದು ಸಂಡಿಗೆಯ ಕಾಲವೂ ಆಗಿತ್ತು. ರಜೆ ಯಾವುದು, ರಜೆಯಲ್ಲದ್ದು ಯಾವುದು ತಿಳಿಯದ ಮಕ್ಕಳು ತಾರಸಿಯ ಮೇಲೆ ಕಾಗೆ ಕಾಯುವ ಕೆಲಸಕ್ಕೆ ನೇಮಕವಾದರು. ಅರ್ಧ ಒಣಗಿದ ಸಂಡಿಗೆಗೆ ಇರುವ ರುಚಿ ಕರಿದ ಸಂಡಿಗೆಗಿಲ್ಲ ಎಂಬ ಸತ್ಯವನ್ನು ಹೊಸ ತಲೆಮಾರೊಂದು ಸ್ವಂತ ಪ್ರಯೋಗದಿಂದ ಕಂಡುಕೊಂಡಿತು. ಅಟ್ಟದ ಮೇಲಿದ್ದ ಅಳಗುಳಿಮಣೆ ಕೆಳಗಿಳಿಯಿತು. ಸೀಮೆಸುಣ್ಣದಲ್ಲಿ ನೆಲದ ಮೇಲೆ ಚೌಕಾಬಾರದ ಮನೆ ಬರೆದು, ಹುಣಸೆ ಬೀಜ ತೇಯ್ದು ಗರ ಹಾಕುವುದನ್ನು ಅಜ್ಜಿಯರು ಹೇಳಿಕೊಟ್ಟರು. ದೂರದರ್ಶನ ಮಾರ್ಚ್ 28ರಿಂದ ಮತ್ತೆ 'ರಾಮಾಯಣ' ತೋರಿಸಲು ಆರಂಭಿಸಿದಾಗ, 1987ರಲ್ಲಿ ಇಡೀ ಬೀದಿಗೆ ಒಂದೇ ಟಿವಿಯ ಮುಂದೆ ಕೂತಿದ್ದವರು ಈಗ ಅವರವರ ಮನೆಯಲ್ಲಿ ಕೂತು ನೋಡಿದರು. ಮುಗಿದ ಮೇಲೆ ಚರ್ಚೆ ಮಾತ್ರ ಗೋಡೆಯ ಬಳಿಯೇ.

ಇನ್ನೊಂದು ಸುಖ ಯಾರೂ ಕೊಡದೆ ತಾನಾಗಿ ಬಂದದ್ದು: ನಿಶ್ಶಬ್ದ. ಊರಿನ ನಡುವೆ ಕೋಗಿಲೆ ಇದೆ ಎಂದು ಹಲವರಿಗೆ ಆಗಲೇ ಗೊತ್ತಾದದ್ದು. ಹಕ್ಕಿಗಳು ಹೆಚ್ಚಾಗಿರಲಿಲ್ಲ, ಜೋರಾಗಿ ಕೂಗುತ್ತಲೂ ಇರಲಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಲಿಜಬೆತ್ ಡೆರಿಬೆರಿ ಮತ್ತು ಸಂಗಡಿಗರು ಬಿಳಿ ನೆತ್ತಿಯ ಒಂದು ಜಾತಿಯ ಗುಬ್ಬಿಗಳ ಹಾಡನ್ನು ವರ್ಷಗಳಿಂದ ಧ್ವನಿಮುದ್ರಿಸುತ್ತಿದ್ದರು. 2020ರ ವಸಂತದಲ್ಲಿ ಅಲ್ಲಿಯ ವಾಹನ ಸಂಚಾರ 1950ರ ದಶಕದ ಮಟ್ಟಕ್ಕೆ ಇಳಿದಾಗ, ಗುಬ್ಬಿಗಳು ಮೊದಲಿಗಿಂತ ಮೆಲ್ಲಗೆ ಹಾಡತೊಡಗಿದವು. ಮೆಲ್ಲಗೆ ಹಾಡಿದರೂ ಆ ಹಾಡು ಎರಡು ಪಟ್ಟು ದೂರ ಕೇಳುತ್ತಿತ್ತು. ಅಷ್ಟು ದಿನ ಅವು ವಾಹನಗಳ ಮೇಲೆ ಕಿರುಚಿಕೊಳ್ಳುತ್ತಿದ್ದವು ಎಂದಾಯಿತು. ಬೆಲ್ಜಿಯಂನ ಥಾಮಸ್ ಲೆಕಾಕ್ ಮತ್ತು ಅನೇಕ ದೇಶಗಳ ಭೂಕಂಪ ವಿಜ್ಞಾನಿಗಳು ಅಳೆದು ನೋಡಿದರೆ, ಮನುಷ್ಯರ ಓಡಾಟದಿಂದ ನೆಲದಲ್ಲಿ ಏಳುವ ಸಣ್ಣ ಕಂಪನ ಕೆಲವೆಡೆ ಅರ್ಧದಷ್ಟು ಇಳಿದಿತ್ತು. ಏಪ್ರಿಲ್ ಆರಂಭದಲ್ಲಿ ಪಂಜಾಬಿನ ಜಲಂಧರದವರು ತಾರಸಿಗೆ ಹೋಗಿ ನೋಡಿದಾಗ ನೂರು ಕಿಲೋಮೀಟರಿಗೂ ಆಚೆಯ ಧೌಲಾಧಾರ್ ಹಿಮಶಿಖರಗಳು ಕಂಡವು. ಶಿಖರಗಳೇನೂ ಹೊಸದಾಗಿ ಬಂದು ನಿಂತದ್ದಲ್ಲ. ನಡುವಿನ ಹೊಗೆ, ಧೂಳು ಸರಿದಿತ್ತು.

ಸಣ್ಣ ಸುಖಗಳ ಕಥೆಯೂ ಇಷ್ಟೇ. ಲಾಕ್‌ಡೌನ್ ಅವನ್ನು ಸೃಷ್ಟಿಸಲಿಲ್ಲ. ಮೇಲೆ ಕೂತಿದ್ದ ಧೂಳನ್ನು ಕೊಡವಿತು.

ಆದರೆ ಇದನ್ನು ಹೇಳುವಾಗ ಒಂದು ಮಾತು ಮರೆಯಬಾರದು. ಕೋಗಿಲೆ ಕೇಳಲು ಒಂದು ಮನೆ ಬೇಕು, ಬಟ್ಟಲು ಇಡಲು ಒಂದು ಗೋಡೆ ಬೇಕು. ಅವೆರಡೂ ಇಲ್ಲದ ಲಕ್ಷಾಂತರ ಕೂಲಿಕಾರರು ಅದೇ ದಿನಗಳಲ್ಲಿ ಗಂಟುಮೂಟೆ ಹೊತ್ತು ಹೆದ್ದಾರಿಗಳಲ್ಲಿ ನಡೆಯುತ್ತಿದ್ದರು. ಅವರಿಗಾಗಿ ವಿಶೇಷ ರೈಲುಗಳು ಹೊರಟದ್ದು ಮೇ 1ರಂದು, ಐದು ವಾರಗಳ ಬಳಿಕ. ದಾರಿಯುದ್ದಕ್ಕೂ ನೀರು, ಅನ್ನದ ಪೊಟ್ಟಣ, ಹಳೆಯ ಚಪ್ಪಲಿ ಕೊಟ್ಟ ಹಳ್ಳಿಗರಿದ್ದರು. ಊರ ಬಾಗಿಲಿಗೆ ಮುಳ್ಳು ಹಾಕಿಕೊಂಡು ಮುಂದೆ ಹೋಗಿ ಎಂದವರೂ ಇದ್ದರು. ನೆರೆ ಎಂದರೆ ಪಕ್ಕದ ಮನೆಯೇ, ಇಲ್ಲ ಪಕ್ಕದಲ್ಲಿ ಹಾದುಹೋಗುವವರೂ ಸೇರಿದ್ದಾರೆಯೇ ಎಂಬ ಪ್ರಶ್ನೆಗೆ ಪ್ರತಿ ಊರೂ ತನ್ನದೇ ಉತ್ತರ ಬರೆಯಿತು.

ಇಟಲಿಯ ನೇಪಲ್ಸ್ ನಗರದ ಉತ್ತರ ಚೆನ್ನಾಗಿತ್ತು. ಅಲ್ಲಿಯ ಹಳೆಯ ಬೀದಿಗಳಲ್ಲಿ ಮೇಲಂತಸ್ತಿನವರು ಬಾಲ್ಕನಿಯಿಂದ ಹಗ್ಗ ಕಟ್ಟಿ ಬುಟ್ಟಿ ಇಳಿಬಿಟ್ಟು ಕೆಳಗಿನಿಂದ ಸಾಮಾನು ತರಿಸಿಕೊಳ್ಳುವುದು ಹಿಂದಿನಿಂದ ಬಂದ ರೂಢಿ. 2020ರ ವಸಂತದಲ್ಲಿ ಅದೇ ಬುಟ್ಟಿಯಲ್ಲಿ ಬ್ರೆಡ್ಡು, ಹಣ್ಣು ತುಂಬಿ ಬೀದಿಗೆ ಇಳಿಬಿಟ್ಟರು. ಜೊತೆಗೊಂದು ಚೀಟಿ: ಆಗುವವರು ಹಾಕಿ, ಆಗದವರು ತೆಗೆದುಕೊಳ್ಳಿ. ಯಾರು ತೆಗೆದುಕೊಂಡರು ಎಂದು ಬರೆದಿಡಲು ಅಲ್ಲಿ ಪುಸ್ತಕವಿರಲಿಲ್ಲ.

ಕರ್ನಾಟಕದಲ್ಲಿ ನಿಜವಾದ ಪರೀಕ್ಷೆ ನಡೆದದ್ದು ಗೇಟಿಗೆ ಚೀಟಿ ಅಂಟಿಸಿದ ಮನೆಗಳ ಮುಂದೆ. ಮನೆಯಲ್ಲೇ ಪ್ರತ್ಯೇಕವಾಗಿರಬೇಕಾದವರ ಕೈಗೆ ಅಳಿಸದ ಶಾಯಿಯ ಮುದ್ರೆ, ಬಾಗಿಲಿಗೆ ನೋಟಿಸು. ಆ ಚೀಟಿ ಕಂಡು ರಸ್ತೆಯ ಆಚೆ ಬದಿಗೆ ಸರಿದು ನಡೆದವರುಂಟು. ಹಾಲು ಹಾಕುವುದನ್ನು ನಿಲ್ಲಿಸಿದವರುಂಟು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ನರ್ಸಿಗೆ ಮನೆ ಖಾಲಿ ಮಾಡಿ ಎಂದ ಮಾಲೀಕರೂ ದೇಶದಲ್ಲಿದ್ದರು. ರೋಗಿಗಳ ಮನೆ ಮುಂದೆ ಹೀಗೆ ಕಂಡಕಂಡಂತೆ ಚೀಟಿ ಅಂಟಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದೇ ವರ್ಷದ ಡಿಸೆಂಬರ್ 9ರಂದು. ಅಷ್ಟರಲ್ಲಿ ಎಷ್ಟೋ ಮನೆಗಳು ಆ ಚೀಟಿಯ ಹಿಂದೆ ದಿನ ಕಳೆದಿದ್ದವು.

ಅಂಥ ಗೇಟಿನ ಮೇಲೂ ತೂಗಿದ ಚೀಲಗಳಿದ್ದವು. ಒಳಗೆ ಒಂದು ಡಬ್ಬಿ ಅನ್ನಸಾರು, ಎರಡು ಬಾಳೆಹಣ್ಣು, ಕೆಲವೊಮ್ಮೆ ಆ ದಿನದ ಪತ್ರಿಕೆ. ಇಟ್ಟವರು ಗಂಟೆ ಬಾರಿಸಿ ಸರಿದು ನಿಲ್ಲುತ್ತಿದ್ದರು. ಕಿಟಕಿಯಲ್ಲಿ ಮುಖ ಕಂಡರೆ "ಜ್ವರ ಹೇಗಿದೆ? ಗಂಜಿ ಬೇಕಾದರೆ ಹೇಳಿ" ಎಂದು ಕೂಗಿ ಹೋಗುತ್ತಿದ್ದರು. ಆ ಕೂಗನ್ನು ಇಡೀ ಬೀದಿ ಕೇಳುತ್ತಿತ್ತು. ಒಳಗಿನವರಿಗೆ ಅದು ಅನ್ನಕ್ಕಿಂತ ಮಿಗಿಲು. ಏಕೆಂದರೆ, ಈ ಮನೆಯವರು ನಮ್ಮವರೇ ಎಂದು ಬೀದಿಗೆಲ್ಲ ಸಾರಿದಂತೆ ಅದು. ರೋಗದ ಹನಿಗಳು ಎಷ್ಟು ದೂರ ಹೋಗುತ್ತವೆ ಎಂಬುದನ್ನು ವಿಜ್ಞಾನ ಅಳೆದುಕೊಟ್ಟಿತು. ಅದರ ಆಚೆ ನಿಂತು ಎಷ್ಟು ಹತ್ತಿರವಾಗಬಹುದು ಎಂಬುದನ್ನು ಅಳೆದವರು ಇವರು.

ಈಗ ವಾಹನಗಳು ಮರಳಿವೆ, ಸದ್ದೂ ಮರಳಿದೆ. ಕೋಗಿಲೆ ಕೂಗುತ್ತಲೇ ಇದೆ, ಕೇಳಿಸುವುದು ಕಷ್ಟ. ಗೋಡೆಗಳು ಹಾಗೇ ಇವೆ. ಕೆಲವು ಒಂದೆರಡು ಅಡಿ ಎತ್ತರವೂ ಆಗಿವೆ.

2020ರ ಏಪ್ರಿಲ್ ಮೊದಲ ವಾರದ ಸಂಜೆಗಳಲ್ಲಿ ತಾರಸಿ ಹತ್ತಿದವರಿಗೆ ಪಶ್ಚಿಮದಲ್ಲಿ ಒಂದು ಉಡುಗೊರೆ ಕಾದಿತ್ತು. ಫಳಫಳ ಹೊಳೆಯುವ ಶುಕ್ರಗ್ರಹ ಕೃತ್ತಿಕಾ ನಕ್ಷತ್ರಗಳ ಸಣ್ಣ ಗೊಂಚಲಿನ ಮೂಲಕ ಹಾದು ಹೋಯಿತು. ಭೂಮಿ ಸೂರ್ಯನನ್ನು ಎಂಟು ಸುತ್ತು ಹಾಕುವಷ್ಟರಲ್ಲಿ ಶುಕ್ರ ಹೆಚ್ಚೂಕಡಿಮೆ ಹದಿಮೂರು ಸುತ್ತು ಹಾಕುವುದರಿಂದ, ಈ ನೋಟ ಎಂಟು ವರ್ಷಕ್ಕೊಮ್ಮೆ ಮರಳುತ್ತದೆ. ಮುಂದಿನದು 2028ರ ಏಪ್ರಿಲ್ ಆರಂಭದಲ್ಲಿ. ಅದನ್ನು ನೋಡಲು ದೂರದರ್ಶಕ ಬೇಡ, ಸರ್ಕಾರದ ಆಜ್ಞೆಯೂ ಬೇಡ. ಸಂಜೆ ಏಳೂವರೆಗೆ ತಾರಸಿಗೆ ಹೋದರೆ ಸಾಕು. ಹೋಗುವಾಗ ಪಕ್ಕದ ಮನೆಯವರನ್ನೂ ಒಮ್ಮೆ ಕೂಗಿ ಕರೆಯಬಹುದು.