ಮೇಜಿನ ಮೇಲೆ ಎರಡು ಪರದೆ

ಮನೆಯಲ್ಲಿ ಒಂದು ಗಣಕಯಂತ್ರವಿರುವುದು ಈಗ ವಿಶೇಷವಲ್ಲ. ಆದರೆ ಒಂದೇ ಯಂತ್ರಕ್ಕೆ ಎರಡು ಪರದೆಗಳನ್ನು ಜೋಡಿಸಿಕೊಂಡವರನ್ನು ಕಂಡರೆ ಜನ ಇಂದಿಗೂ ಹುಬ್ಬೇರಿಸುತ್ತಾರೆ. “ದೇವರು ಕೊಟ್ಟ ಕಣ್ಣು ಎರಡಾದರೂ ಅವು ನೋಡುವುದು ಒಂದೇ ಕಡೆ. ಎರಡನೆಯ ಪರದೆ ಯಾರಿಗೆ ಸ್ವಾಮಿ?” ಎಂಬ ಪ್ರಶ್ನೆ ನಮ್ಮ ಸರಗೂರಿನಲ್ಲಿಯೂ ಕೇಳಿಬರುತ್ತದೆ. ಪ್ರಶ್ನೆ ನ್ಯಾಯವಾದುದೇ. ಷೇರುಪೇಟೆಯ ದಲ್ಲಾಳಿಗೆ ನಾಲ್ಕು ಪರದೆ ಬೇಕಾದೀತು, ಗೃಹಸ್ಥನಿಗೇಕೆ?

ಉತ್ತರವನ್ನರಸಿ ದೂರ ಹೋಗಬೇಕಾಗಿಲ್ಲ. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ ಶಾಸನವೊಂದನ್ನು ಬೆರಳಚ್ಚು ಮಾಡಲು ಕುಳಿತರೆ ಸಾಕು. 1057ರ ಈ ಶಾಸನ ಕನ್ನಡ ಎಂ.ಎ. ಓದಿದವರಿಗೆಲ್ಲ ಪರಿಚಿತ. ನುಗುನಾಡಿನ ರವಿಗನ ಮಗಳು ದೇಕಬ್ಬೆ. ಅವಳ ಗಂಡ ಏಚ. ಅವನು ತಲಕಾಡಿನಲ್ಲಿ ಮರಣದಂಡನೆಗೆ ಗುರಿಯಾದ ಸುದ್ದಿ ಬಂದಾಗ, ಹೆತ್ತವರು ತಡೆದರೂ ಕೇಳದೆ ಆಕೆ ಅಗ್ನಿಪ್ರವೇಶ ಮಾಡಿದಳೆಂಬುದನ್ನು ಅದು ಹಳಗನ್ನಡ ಪದ್ಯಗಳಲ್ಲಿ ಹೇಳುತ್ತದೆ. ಬಿ.ಎಲ್. ರೈಸರು 1898ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಇದನ್ನು ಅಚ್ಚು ಹಾಕಿಸಿದರು. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ಹೊರತರತೊಡಗಿತು. ಹಳೆಯ ಸಂಪುಟಗಳ ಪುಟಗಳು ಈಗ ಚಿತ್ರರೂಪದಲ್ಲಿ ಅಂತರಜಾಲದಲ್ಲಿ ಸಿಗುತ್ತವೆ. ಅವನ್ನು ನೋಡಿಕೊಂಡು ವಿದ್ಯಾರ್ಥಿಗಳಿಗಾಗಿ ಶುದ್ಧಪ್ರತಿಯೊಂದನ್ನು ಸಿದ್ಧಪಡಿಸಬೇಕು ಎನ್ನೋಣ.

ಪರದೆ ಒಂದೇ ಇದ್ದರೆ ಆಗುವುದೇನು? ಪುಟವನ್ನು ತೆರೆದು ಒಂದು ಸಾಲು ಓದುತ್ತೇವೆ. ಅದನ್ನು ಮರೆಮಾಡಿ, ಬರೆಯುವ ಹಾಳೆಯನ್ನು ಮುಂದಕ್ಕೆ ತಂದು ಬೆರಳಚ್ಚು ಮಾಡುತ್ತೇವೆ. ಆ ಅರೆಕ್ಷಣ ಸಾಲನ್ನು ಹೊತ್ತು ತರುವುದು ನೆನಪು. ನೆನಪಾದರೋ ಬಲು ಉಪಕಾರಬುದ್ಧಿಯ ಆಳು, ಹೇಳದಿದ್ದುದನ್ನೂ ಮಾಡುತ್ತದೆ. ಮೂಲದ ‘ೞ’ ದಾರಿಯಲ್ಲಿ ‘ಳ’ ಆಗುತ್ತದೆ; ‘ಱ’ ‘ರ’ ಆಗುತ್ತದೆ; ಗೊತ್ತಿಲ್ಲದ ಹಳಗನ್ನಡ ರೂಪ ಗೊತ್ತಿರುವ ಹೊಸಗನ್ನಡ ರೂಪವಾಗಿ ಮನೆ ಸೇರುತ್ತದೆ. ಒಂದೇ ಪದ ಎರಡು ಸಾಲುಗಳಲ್ಲಿ ಬಂದಿದ್ದರೆ ಕಣ್ಣು ಕೆಳಗಿನದಕ್ಕೆ ಜಾರಿ ನಡುವಣ ಸಾಲೇ ಮಾಯವಾಗುವುದುಂಟು. ಓಲೆಗರಿಯ ಲಿಪಿಕಾರರಿಗೆ ಅಂಟಿದ್ದ ರೋಗಗಳಿವು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ 1964ರಲ್ಲಿ ಪ್ರಕಟವಾದಾಗ ಮನೆಯಲ್ಲಿ ಗಣಕವಿರಲಿಲ್ಲ. ರೋಗ ಮಾತ್ರ ಯುಗ ದಾಟಿ ಬಂದಿದೆ.

ಎರಡು ಪರದೆಗಳಿದ್ದರೆ ಮೂಲ ಒಂದರಲ್ಲಿ ಕದಲದೆ ನಿಲ್ಲುತ್ತದೆ, ಪ್ರತಿ ಇನ್ನೊಂದರಲ್ಲಿ ಬೆಳೆಯುತ್ತದೆ. ಸಂದೇಹ ಬಂದಾಗ ಕತ್ತನ್ನು ತುಸು ಹೊರಳಿಸಿದರಾಯಿತು. ಹಿಂದೆ ಮುದ್ರಣಾಲಯಗಳಲ್ಲಿ ಒಬ್ಬನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದ, ಮತ್ತೊಬ್ಬನು ಕರಡಚ್ಚನ್ನು ತಿದ್ದುತ್ತಿದ್ದ. ಆ ಮೊದಲನೆಯವನ ಕೆಲಸವನ್ನು ಎರಡನೆಯ ಪರದೆ ಮೌನವಾಗಿ ನಡೆಸಿಕೊಡುತ್ತದೆ. ಇದು ವಿದ್ವಾಂಸರ ಮಡಿವಂತಿಕೆಯೆಂದು ನಗುವವರು ಒಂದು ಮಾತು ಯೋಚಿಸಬೇಕು. ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಕಪಿಲೆ, ನುಗು ಹೊಳೆಗಳ ಈ ನಾಡಿನಲ್ಲಿ ಬದುಕಿ ಬೆಂದ ಒಬ್ಬ ಹೆಣ್ಣುಮಗಳ ವಿಷಯವಾಗಿ ನಮಗೆ ಉಳಿದಿರುವುದು ಆ ಕೆಲವು ಅಕ್ಷರಗಳು ಮಾತ್ರ. ಅವುಗಳಲ್ಲಿ ಒಂದನ್ನು ಕಳೆದುಕೊಳ್ಳುವ ಹಕ್ಕು ನಮಗಿಲ್ಲ.

‘ೞ’ಕಾರದ ಮಾತು ಬಂದುದರಿಂದ ಹೇಳುತ್ತೇನೆ. ಯೂನಿಕೋಡ್ ಎಂಬ ಜಾಗತಿಕ ಅಕ್ಷರಸಂಕೇತದಲ್ಲಿ ಈ ಅಕ್ಷರಕ್ಕೆ ಸ್ಥಾನವೇನೋ ದೊರೆತಿದೆ. ಆದರೆ ಹೆಸರು ಬರೆಯುವಾಗ ಅದನ್ನು ಇಂಗ್ಲಿಷಿನ ‘ಎಫ್’ ಉಚ್ಚಾರಣೆಯ ‘ಫ’ ಎಂದು ತಪ್ಪಾಗಿ ದಾಖಲಿಸಿಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಅಲ್ಲಿಯ ಕಟ್ಟಳೆ. ಆದಕಾರಣ ಸರಿಯಾದ ಹೆಸರನ್ನು ಉಪನಾಮವಾಗಿ ಪಕ್ಕದಲ್ಲಿ ಸೇರಿಸಿದ್ದಾರೆ! ಪಂಪನ ಕಾಲದ ಅಕ್ಷರಕ್ಕೆ ಬಂದ ಗತಿ ಇದು.

ಜೋಡಣೆ ಕಷ್ಟವೇನಲ್ಲ. ಲ್ಯಾಪ್‌ಟಾಪ್ ಉಳ್ಳವರು ಹೊರಗಿನ ಮಾನಿಟರ್ ಒಂದನ್ನು ಎಚ್‌ಡಿಎಂಐ ತಂತಿಯಿಂದ ಸೇರಿಸಿದರೆ ಸಾಕು. ವಿಂಡೋಸ್ ಗಣಕದಲ್ಲಿ ಆ ಚಿಹ್ನೆಯ ಕೀಲಿಯನ್ನು ‘ಪಿ’ಯೊಡನೆ ಒತ್ತಿದಾಗ ಕಾಣುವ ಆಯ್ಕೆಗಳಲ್ಲಿ ‘ಎಕ್ಸ್‌ಟೆಂಡ್’ ಎಂಬುದನ್ನೇ ಆರಿಸಬೇಕು. ‘ಡೂಪ್ಲಿಕೇಟ್’ ಆರಿಸಿದರೆ ಎರಡರಲ್ಲಿಯೂ ಒಂದೇ ಚಿತ್ರ ಮೂಡಿ ಹಣ ದಂಡ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗಿರಲಿ, ದೂರ ಒಂದು ತೋಳಿನಷ್ಟಿರಲಿ. ಹೆಚ್ಚು ನೋಡುವ ಪರದೆ ಮುಖಕ್ಕೆ ನೇರವಾಗಿರಬೇಕು. ಇಲ್ಲದಿದ್ದರೆ ಕತ್ತು ದೂರು ಕೊಡುತ್ತದೆ. ಮಾನಿಟರನ್ನು ನೆಟ್ಟಗೆ ತಿರುಗಿಸಿ ನಿಲ್ಲಿಸುವ ಸೌಕರ್ಯವಿದ್ದರೆ ಪುಸ್ತಕದ ಪುಟ ಪೂರ್ತಿಯಾಗಿ ಕಾಣುತ್ತದೆ. ಓಲೆಗರಿಯ ಚಿತ್ರಕ್ಕಾದರೆ ಅಡ್ಡವಾಗಿರುವುದೇ ಲೇಸು.

ಕಾಗದ ಬರೆಯುವುದಕ್ಕೆ, ವಿದ್ಯುತ್ ಬಿಲ್ಲು ಕಟ್ಟುವುದಕ್ಕೆ ಇಷ್ಟೆಲ್ಲ ಬೇಡ. ಎರಡನ್ನು ಒಟ್ಟಿಗೆ ನೋಡಲೇಬೇಕಾದ ಕೆಲಸ ಇಲ್ಲದವರ ಮನೆಯಲ್ಲಿ ಎರಡನೆಯ ಪರದೆ ಬಹು ಬೇಗ ಕ್ರಿಕೆಟ್ಟಿನ ಪಾಲಾಗುತ್ತದೆ. ಆಗ ಮೊದಲನೆಯ ಪರದೆಯ ಕೆಲಸವೂ ಔಟ್!

ಇನ್ನು ಕರೆಂಟಿನ ವಿಚಾರ. ಮಳೆಗಾಲದ ಸಂಜೆ ಅದು ಹೋಯಿತೆಂದರೆ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಬಲದಿಂದ ಉಸಿರಾಡುತ್ತಿರುತ್ತದೆ. ಹೊರಗಿನ ಮಾನಿಟರ್ ಕಪ್ಪಾಗುತ್ತದೆ. ಅಲ್ಲಿದ್ದ ಕಿಟಕಿಗಳೆಲ್ಲ, ಸೋರುವ ಕೋಣೆಯಿಂದ ಎದ್ದುಬಂದ ನೆಂಟರಂತೆ, ಚಿಕ್ಕ ಪರದೆಯಲ್ಲಿ ಒಂದರ ಮೇಲೊಂದು ಬಂದು ಕೂರುತ್ತವೆ. ಯುಪಿಎಸ್ ಇಲ್ಲದ ಮನೆಯವರು ಅಂಥ ಹೊತ್ತಿನಲ್ಲಿ ರೈಸರ ಪುಟವನ್ನು ಮೊಬೈಲಿನಲ್ಲಿ ತೆರೆದು ಮಗಳ ಕೈಗಿತ್ತು, ಗಟ್ಟಿಯಾಗಿ ಓದು ಎನ್ನಬೇಕಾಗುತ್ತದೆ. ಅವಳು ಎರಡನೆಯ ಸಾಲಿಗೇ ನಿಂತು, “ಈ ಅಕ್ಷರ ಯಾವುದಪ್ಪಾ?” ಎಂದು ಕೇಳುತ್ತಾಳೆ.